ಗಿಟಾರ್ ರಾಜೇಂದ್ರನ್ ಬಗ್ಗೆ ನಾಲ್ಕು ಒಳ್ಳೆಯ ಮಾತು

ಕೂಕಲ್ತೊರೈ
11 ಫೆಬ್ರವರಿ 2024

ಶ್ರೀ ಜಯಕುಮಾರ್ ಅವರಿಗೆ ಭೀಮನ ವಂದನೆ.

ನಿಮ್ಮ ಕಾಗದ ಬಂದು ವಾರವಾಯಿತು. ಗೂಡಲೂರಿನಿಂದ ನನಗೆ ಬರೆಯುವವರು ಯಾರೂ ಇಲ್ಲ. ಯಾವುದೋ ಮದುವೆ ಪತ್ರಿಕೆ ಎಂದುಕೊಂಡು ಫ್ರಿಜ್ಜಿನ ಮೇಲಿಟ್ಟು ಮರೆತಿದ್ದೆ, ಕ್ಷಮಿಸಿ. ನೀವು ಕೈಬರಹದಲ್ಲೇ ಬೇಕೆಂದು ಕೇಳಿದ್ದು ನನಗೆ ಅನುಕೂಲವಾಯಿತು. ನನ್ನ ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿಗೆ ಫೋನಿನ ಮಾತು ಸೊಳ್ಳೆಯ ಹಾಗೆ ಕೇಳುತ್ತದೆ. ಮೈಸೂರಿನಲ್ಲಿ ಎರಡು ವರ್ಷ ಬಿ.ಎ. ಓದಿದವನು ನಾನು. ಹಟ್ಟಿಯಲ್ಲಿ ನಮ್ಮ ಬಡಗ ಮಾತು, ಪೇಟೆಯಲ್ಲಿ ತಮಿಳು. ಕನ್ನಡ ಬರೆಯುವ ಕೈ ತುಕ್ಕು ಹಿಡಿದಿದೆ. ಇಂಗ್ಲಿಷ್ ಅರ್ಧ ಪರೀಕ್ಷೆ ಮುಗಿದ ದಿನವೇ ಹೋಯಿತು, ಉಳಿದರ್ಧ ಬೇಡದ ಜಾಗದಲ್ಲಿ ಬರುತ್ತದೆ. ಅಡ್ಜಸ್ಟ್ ಮಾಡಿಕೊಳ್ಳಿ.

ಮೇ ತಿಂಗಳಲ್ಲಿ ಊಟಿಯಲ್ಲಿ ನೀವು ಹಳೆಯ ಅಭಿಮಾನಿಗಳೆಲ್ಲ ಸೇರಿ ರಾಜೇಂದ್ರನಿಗೆ ಸನ್ಮಾನ ಮಾಡುತ್ತೀರಿ, ಪುಸ್ತಕ ತರುತ್ತೀರಿ, ಅವನ ಹಟ್ಟಿಯವನಾದ ನಾನು ನಾಲ್ಕು ಒಳ್ಳೆಯ ಮಾತು ಬರೆಯಬೇಕು. ಇಷ್ಟು ತಾನೇ?

ಗೊತ್ತಿರುವುದನ್ನು ಹೇಳುತ್ತೇನೆ. ಆಗ ಕೋಟಗಿರಿಯ ಬಂಗಲೆಗಳಿಂದ ಬಿಳಿಯರು ಒಬ್ಬೊಬ್ಬರೇ ಊರಿಗೆ ಮರಳುತ್ತಿದ್ದ ಕಾಲ. ಹೊರಡುವ ಮುಂಚೆ ಮನೆ ಸಾಮಾನು ಏಲಕ್ಕೆ ಹಾಕಿ ಹರಾಜು ಕೂಗುತ್ತಿದ್ದರು. ನಮ್ಮ ಹಟ್ಟಿಯವರು ಕಬ್ಬಿಣದ ಮಂಚ, ಕಂಬಳಿ, ಹುಲ್ಲು ಕತ್ತರಿಸುವ ಮೆಷಿನ್ನಿಗೆಂದು ಹೋಗುತ್ತಿದ್ದೆವು. ಅಮೆರಿಕದ ದಕ್ಷಿಣ ಕಡೆಯ ಒಬ್ಬ ಮೇಷ್ಟರ ಏಲದಲ್ಲಿ ರಾಜೇಂದ್ರನ್ ಗಿಟಾರನ್ನೂ ಒಂದು ಪೆಟ್ಟಿಗೆ ರೆಕಾರ್ಡುಗಳನ್ನೂ ಕೂಗಿ ಹಿಡಿದ. ಅವನ ಅಪ್ಪ ಕಳಿಸಿದ್ದು ಔಷಧಿ ಹೊಡೆಯುವ ಪಂಪು ತರಲು. ಆ ಸಂಜೆ ಅಪ್ಪ ಮಗನನ್ನು ಅಟ್ಟಿಸಿಕೊಂಡು ಟೀ ತೋಟದ ತುಂಬ ಓಡಿದ್ದನ್ನು ನಾನೇ ನೋಡಿದ್ದೇನೆ.

ಆ ರೆಕಾರ್ಡುಗಳಲ್ಲಿದ್ದದ್ದು ಅಲ್ಲಿಯ ಹೊಲದವರ, ಲಾರಿಯವರ ರಾಕ್. ತಂತಿಯ ಮೇಲೆ ಗಾಜು ಜಾರಿಸಿ ಅಳುವ ಹಾಗೆ ನುಡಿಸುತ್ತಾರೆ. ಅವರು ಯಾವ ಗಾಜು ಬಳಸುತ್ತಾರೋ ಇವನಿಗೆ ಏನು ಗೊತ್ತು? ನೀಲಗಿರಿ ತೈಲದ ಬಾಟಲಿಯ ಕುತ್ತಿಗೆ ಒಡೆದು, ಕಲ್ಲಿಗೆ ಉಜ್ಜಿ, ಬೆರಳಿಗೆ ಹಾಕಿಕೊಂಡ. ಅವನು ನುಡಿಸಲು ಶುರು ಮಾಡಿದರೆ ಮುಂದಿನ ಸಾಲಿನವರಿಗೆ ನೆಗಡಿ ಬಿಡುತ್ತಿತ್ತು. ಜೋಕ್ ಅಲ್ಲ, ವಾಸನೆ ಹಾಗೆ ಬರುತ್ತಿತ್ತು. ಟೀ ಫ್ಯಾಕ್ಟರಿಯ ನಾಲ್ವರನ್ನು ಸೇರಿಸಿ ವ್ಯಾಟಲ್ ಬಾಯ್ಸ್ ಎಂಬ ಬ್ಯಾಂಡ್ ಕಟ್ಟಿದ. ಮಿಕ್ಕದ್ದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ಇದಕ್ಕಿಂತ ಹೆಚ್ಚು ನನ್ನಿಂದ ಆಗುವುದಿಲ್ಲ. ಟು ಬಿ ಫ್ರಾಂಕ್, ಅವನ ಬಗ್ಗೆ ಒಂದು ವಿಷಯ ಇದೆ. ಅದನ್ನು ಹೇಳದೆ ಒಳ್ಳೆಯದನ್ನು ಮಾತ್ರ ಬರೆಯಲು ನನಗೆ ಮನಸ್ಸಿಲ್ಲ. ಹೇಳಿದರೆ ನಿಮ್ಮ ಪುಸ್ತಕ ಕೆಡುತ್ತದೆ. ಆದ್ದರಿಂದ ಬೇರೆ ಯಾರನ್ನಾದರೂ ಕೇಳಿ.

ನಿಮ್ಮ
ಭೀಮ


ಗೂಡಲೂರು
20 ಫೆಬ್ರವರಿ 2024

ಭೀಮಣ್ಣನವರಿಗೆ ನಮಸ್ಕಾರಗಳು.

ಅಣ್ಣಾ, ನಿಮ್ಮ ಕಾಗದವನ್ನು ಅಂಗಡಿಯಲ್ಲಿ ನಿಂತೇ ಮೂರು ಸಲ ಓದಿದೆ. ತೈಲದ ಬಾಟಲಿ! ನಲವತ್ತು ವರ್ಷದಿಂದ ನಾವು ಅಭಿಮಾನಿಗಳು ಜಗಳ ಆಡುತ್ತಿದ್ದೆವು. ಕೂನೂರಿನ ಸೆಲ್ವಕುಮಾರ್ ಅದು ಸ್ಟೀಲ್ ಪೈಪು ಅಂತಾನೆ, ನಾನು ಗಾಜು ಅಂತೀನಿ. ನಿಮ್ಮ ಸಾಲನ್ನು ಫೋಟೋ ತೆಗೆದು ನಮ್ಮ ವಾಟ್ಸಾಪ್ ಗುಂಪಿಗೆ ಹಾಕಿದೆ. ಅವನು ಎರಡು ದಿನ ಬಾಯಿ ಬಿಡಲಿಲ್ಲ.

ನನ್ನ ಬಗ್ಗೆ ಹೇಳಲಿಲ್ಲ. ನನ್ನ ತಂದೆ ಗುಂಡ್ಲುಪೇಟೆ ಕಡೆಯವರು, ಅಮ್ಮ ವಯನಾಡಿನವರು. ಬಜಾರಿನಲ್ಲಿ ಮೊದಲು ಕ್ಯಾಸೆಟ್ ಅಂಗಡಿ ಇತ್ತು, ಈಗ ಅದೇ ಜಾಗದಲ್ಲಿ ಮೊಬೈಲ್ ರಿಪೇರಿ ಮಾಡುತ್ತೇನೆ. ಎಂಬತ್ತಮೂರರಲ್ಲಿ ವ್ಯಾಟಲ್ ಬಾಯ್ಸ್ ನಮ್ಮ ಶಾಲೆ ಮೈದಾನಕ್ಕೆ ಬಂದಾಗ ನನಗೆ ಹದಿನಾರು. ಅಪ್ಪ ಸತ್ತು ಒಂದು ತಿಂಗಳೂ ಆಗಿರಲಿಲ್ಲ. ಮನೆಯಲ್ಲಿ ನನಗೆ ಅಳು ಬಂದಿರಲಿಲ್ಲ, ಎಲ್ಲರೂ ಕಲ್ಲು ಹುಡುಗ ಅಂದರು. ರಾಜೇಂದ್ರನ್ ಸಾರ್ ಆ ಉದ್ದನೆಯ ನಿಧಾನದ ಪೀಸ್ ನುಡಿಸಿದಾಗ ಬೆಂಚಿನ ಕೆಳಗೆ ಕೂತು ಅತ್ತೆ. ಅದಕ್ಕೇ ಈ ಸನ್ಮಾನ ಅಣ್ಣಾ. ಬೇರೆಯವರ ಕಾರಣ ಏನೋ, ನನ್ನ ಕಾರಣ ಇಷ್ಟು.

ನೀವು ಹೇಳಿದ ‘ಒಂದು ವಿಷಯ’ ನಮಗೂ ಗೊತ್ತು, ಸಂಕೋಚ ಬೇಡ. ಕುಡಿತ ತಾನೇ? ಸ್ಟೇಜಿನಿಂದ ಬಿದ್ದದ್ದು, ಡ್ರಮ್ಮರ್‌ಗೆ ಬೈದದ್ದು, ವೆಲ್ಲಿಂಗ್ಟನ್ ಮೆಸ್ಸಿನಲ್ಲಿ ಕರ್ನಲ್ ಸಾಹೇಬರ ಗ್ಲಾಸು ಕಿತ್ತುಕೊಂಡು ಕುಡಿದದ್ದು, ಎಲ್ಲ ಗುಂಪಿನಲ್ಲಿ ಬಂದಿದೆ. ಕಲಾವಿದ ಅಂದಮೇಲೆ ಅದೆಲ್ಲ ಇರೋದೇ. ಬೇಕಾದರೆ ಅದನ್ನೂ ಬರೆಯಿರಿ, ಜನ ಓದಿ ನಗುತ್ತಾರೆ. ಬರೆಯದೆ ಮಾತ್ರ ಇರಬೇಡಿ. ಅವರ ಬಲಗೈಗೆ ಹಾಕಲು ಬೆಳ್ಳಿ ಕಡಗ ಮಾಡಿಸಲು ಕೊಟ್ಟಿದ್ದೇವೆ.

ಇತಿ ನಿಮ್ಮ
ಜಯಕುಮಾರ್


ಕೂಕಲ್ತೊರೈ
3 ಮಾರ್ಚ್ 2024

ಪ್ರೀತಿಯ ಜಯಕುಮಾರ್,

ನಿಮ್ಮ ತಂದೆಯ ಸುದ್ದಿ ಓದಿದ ಮೇಲೆ ಈ ಕಾಗದ ಬರೆಯಲು ಎರಡು ಸಲ ಶುರು ಮಾಡಿ ಬಿಟ್ಟೆ. ಮೊನ್ನೆ ಹಿಮ ಬಿದ್ದು ಮೇಲಿನ ಟೀ ಗಿಡವೆಲ್ಲ ಕಪ್ಪಾಗಿದೆ, ಫ್ಯಾಕ್ಟರಿಯವರು ಎಲೆ ಬೇಡ ಅಂತಾರೆ, ಅದು ಇದು ಎಂದು ದಿನ ತಳ್ಳಿದೆ.

ನಿಮ್ಮ ಕಾಗದವನ್ನು ರಾಜೇಂದ್ರನಿಗೆ ಓದಿ ಹೇಳಿದೆ. ಅವನು ಈಗ ಒಬ್ಬನೇ ಇದ್ದಾನೆ. ಹಲ್ಲಿಲ್ಲ, ಕೈ ನಡುಗುತ್ತದೆ, ಗಿಟಾರ್ ಮುಟ್ಟಿ ಮೂವತ್ತು ವರ್ಷದ ಹತ್ತಿರ ಬಂತು. ಹೊಟ್ಟೆ ಊದಿಕೊಂಡಿದೆ. ಬೆಳಿಗ್ಗೆ ನಾನು ಟೀ ತೆಗೆದುಕೊಂಡು ಹೋಗುತ್ತೇನೆ. ಕಾಗದ ಕೇಳಿ, "ಗೂಡಲೂರಾ? ಅಲ್ಲಿ ಕರೆಂಟು ಹೋಗಿತ್ತು ಕಣೋ ಭೀಮ, ಎಂಗ ಜನರೇಟರ್ ಇಟ್ಟು ನುಡಿಸಿದೆವು" ಅಂದ. ಕೋಟು ಇಸ್ತ್ರಿಗೆ ಕೊಡು ಅಂದ.

ನೀವು ಕುಡಿತ ಎಂದುಕೊಂಡಿರಿ. ಹಾಗೆ ಬಿಟ್ಟುಬಿಡಬಹುದಿತ್ತು. ಆದರೆ ಜನ ನಗುತ್ತಾರೆ ಎಂದು ಬರೆದಿರಿ ನೋಡಿ, ಅಲ್ಲಿ ನನಗೆ ತಡೆಯಲಾಗಲಿಲ್ಲ.

ರಾಜೇಂದ್ರನ ಹೆಂಡತಿ ವಳ್ಳಿ ನನ್ನ ಹೆಂಡತಿ ಲಿಂಗಿಯ ಸ್ವಂತ ತಂಗಿ. ಅಕ್ಕತಂಗಿಯರು ಒಂದೇ ಹಟ್ಟಿಗೆ ಬಂದವರು. ಎಂಬತ್ತೇಳರಲ್ಲಿ ವಳ್ಳಿಗೆ ಜನನಿ ಹುಟ್ಟಿ ಕೆಲವೇ ತಿಂಗಳಾಗಿತ್ತು. ಚಳಿಗೆ ಮಗು ಮಲಗುತ್ತಿರಲಿಲ್ಲ. ಗಿಟಾರ್ ಪೆಟ್ಟಿಗೆಯೊಳಗೆ ಮೆತ್ತನೆ ಮಖಮಲ್ಲು ಇತ್ತಲ್ಲ, ಅವಳು ಗಿಟಾರನ್ನು ಗೋಡೆಗೆ ಒರಗಿಸಿ ಮಗುವನ್ನು ಅದರಲ್ಲಿ ಮಲಗಿಸಿದಳು. ಅವನು ಸಂಜೆ ಬಂದ, ನೋಡಿದ. ಅವಳು ಮಗುವನ್ನು ಎತ್ತಿಕೊಂಡಳು, ಎಡಗೈ ಇನ್ನೂ ಪೆಟ್ಟಿಗೆಯ ಅಂಚಿನಲ್ಲಿತ್ತು. ಅವನು ಮುಚ್ಚಳ ಬಡಿದು ಅದರ ಮೇಲೆ ಕಾಲಿಟ್ಟು ನಿಂತ. ಮೂರು ಬೆರಳು.

ಮಗುವಿನ ಬಟ್ಟೆಯಲ್ಲೇ ಕೈ ಸುತ್ತಿಕೊಂಡು ನಮ್ಮ ಮನೆಗೆ ಬಂದಳು. ಬೆರಳು ಸೊಟ್ಟಗೇ ಕೂಡಿಕೊಂಡವು. ಎಲೆ ಕೀಳಲು ಎರಡು ಕೈಯೂ ಓಡಬೇಕು, ಅದು ನಿಮಗೂ ಗೊತ್ತಿರಬೇಕು. ಊರ ಹಿರಿಯರು ಕೂತು, ಕುಡಿದದ್ದರಲ್ಲಿ ಆಗಿದೆ, ಹೊಂದಿಕೊಂಡು ಹೋಗಮ್ಮ ಎಂದರು. ತಪ್ಪು ಎಂಬ ಮಾತು ಯಾರ ಬಾಯಲ್ಲೂ ಬರಲಿಲ್ಲ, ಇವತ್ತಿನವರೆಗೂ ಬಂದಿಲ್ಲ. ಅವಳು ಮಗುವನ್ನು ಕಟ್ಟಿಕೊಂಡು ಊಟಿ ಆಚೆಯ ಎಮರಾಲ್ಡ್ ಊರಿಗೆ ಹೋದಳು. ಈಗಲೂ ಅಲ್ಲೇ, ಜನನಿಯ ಸಂಸಾರದ ಜೊತೆ.

ಲಿಂಗಿ ಬದುಕಿರುವವರೆಗೆ ಅವನ ಕ್ಯಾಸೆಟ್ಟು ನಮ್ಮ ಮನೆಯಲ್ಲಿ ಹಾಡಲಿಲ್ಲ. ಕೇಳಬೇಕೆನಿಸಿದರೆ ನಾನು ಫ್ಯಾಕ್ಟರಿಗೆ ಹೋಗಿ ಎಲೆ ಬಾಡಿಸುವ ಅಟ್ಟದಲ್ಲಿ ಕೂತು ಕೇಳುತ್ತಿದ್ದೆ. ಅವಳಿಗೆ ಗೊತ್ತಿತ್ತು. ಹೋಗಬೇಡ ಅನ್ನಲಿಲ್ಲ. ಮರಳಿ ಬಂದಾಗ ಊಟ ಬಡಿಸಿ ಬೇರೆ ಕೋಣೆಗೆ ಹೋಗುತ್ತಿದ್ದಳು. ಅವಳು ಹೋಗಿ ಆರು ವರ್ಷವಾಯಿತು. ಈಗ ಮನೆಯಲ್ಲಿ ಕೇಳಬಹುದು, ಕೇಳುವುದಿಲ್ಲ.

ಕಾಲೇಜಿನಲ್ಲಿ ಟ್ರಾಜಿಕ್ ಫ್ಲಾ ಎಂದು ಒಂದು ಪಾಠವಿತ್ತು. ದೊಡ್ಡವನಲ್ಲಿ ಒಂದು ದೋಷ ಇರುತ್ತದೆ, ಅದರಿಂದ ಅವನು ಬೀಳುತ್ತಾನೆ ಎಂದೇನೋ. ಅಲ್ಲಿ ಬೀಳುವವನು ದೋಷ ಇದ್ದವನೇ. ಇಲ್ಲಿ ಹಾಗಾಗಲಿಲ್ಲ.

ನಿಮ್ಮ
ಭೀಮ


ಗೂಡಲೂರು
9 ಏಪ್ರಿಲ್ 2024

ಭೀಮಣ್ಣನವರಿಗೆ,

ಇಷ್ಟು ದಿನ ಬರೆಯಲಿಲ್ಲ.

ನಿಮ್ಮ ಹೆಸರು ಹೇಳದೆ ವಿಷಯವನ್ನು ಗುಂಪಿನಲ್ಲಿ ಇಟ್ಟೆ. ಅಲ್ಲಿಂದ ಇಲ್ಲಿಯವರೆಗೆ ಜಗಳ ನಿಂತಿಲ್ಲ. ಸೆಲ್ವಕುಮಾರ್, "ಪಾಟ್ಟು ಬೇರೆ, ಆಳು ಬೇರೆ, ನಾವು ಮಾಲೆ ಹಾಕ್ತಿರೋದು ಹಾಡಿಗೆ" ಎಂದ. ಮಲರ್‌ಕೊಡಿ ಅಂತ ಊಟಿಯ ಟೀಚರ್ ಒಬ್ಬರಿದ್ದಾರೆ, ನಮ್ಮೆಲ್ಲರಿಗಿಂತ ದೊಡ್ಡ ಅಭಿಮಾನಿ. ಅವರು, "ಹಾಗಾದರೆ ಕಡಗವನ್ನು ಪಾಟ್ಟಿನ ಕೈಗೇ ಹಾಕಿ ಸೆಲ್ವಾ, ಎಲ್ಲಿದೆ ಅದರ ಕೈ?" ಎಂದು ಕೇಳಿದರು. ಅವನು ಗುಂಪು ಬಿಟ್ಟು ಹೋದ. ಮಾರನೇ ದಿನ ವಾಪಸ್ ಬಂದು ಮತ್ತೆ ಜಗಳ ಆಡಿದ. ಇನ್ನೊಬ್ಬರು ಆ ಕಾಲದಲ್ಲಿ ಯಾರು ಹೊಡೆಯುತ್ತಿರಲಿಲ್ಲ ಎಂದರು. ಅದನ್ನು ಓದಿ ಹೆಂಗಸರು ಹದಿನೈದು ಜನ ಒಟ್ಟಿಗೆ ಗುಂಪು ಬಿಟ್ಟು ಹೊರಟು ಹೋದರು.

ಸನ್ಮಾನ ರದ್ದು ಮಾಡಿದ್ದೇನೆ. ಹಾಲ್ ಬಿಟ್ಟುಕೊಟ್ಟೆ.

ನನ್ನ ಹತ್ತಿರ ಶಾಲೆ ಮೈದಾನದ ಆ ಕಾರ್ಯಕ್ರಮದ ಕ್ಯಾಸೆಟ್ಟಿತ್ತು, ನಾನೇ ರೆಕಾರ್ಡ್ ಮಾಡಿದ್ದು. ನಿನ್ನೆ ಹಾಕಿದೆ. ಆ ನಿಧಾನದ ಪೀಸ್ ಶುರುವಾಯಿತು, ನಿಲ್ಲಿಸಿದೆ. ಅಪ್ಪನಿಗಾಗಿ ಅತ್ತದ್ದು ಅದರಲ್ಲಿತ್ತು ಅಣ್ಣಾ. ಈಗ ಅದನ್ನು ಎಲ್ಲಿಟ್ಟುಕೊಳ್ಳಲಿ? ನೀವು ಹೇಳದಿದ್ದರೆ ಚೆನ್ನಾಗಿತ್ತು ಎಂದು ಒಂದು ಸಲ ಅನಿಸಿತು. ಮೊದಲ ಕಾಗದದಲ್ಲೇ ಯಾಕೆ ಹೇಳಲಿಲ್ಲ ಎಂದೂ ಅನಿಸಿತು.

ಜಯಕುಮಾರ್


ಕೂಕಲ್ತೊರೈ
17 ಏಪ್ರಿಲ್ 2024

ಪ್ರೀತಿಯ ಜಯಕುಮಾರ್,

ರದ್ದು ಮಾಡಿದ್ದು ಸರಿಯೋ ತಪ್ಪೋ ನಾನು ಹೇಳಲಾರೆ. ಆದರೆ ಈಗ ಅವನಿಗೆ ಹೇಳಬೇಕಾದವನು ನಾನಾದೆ. ಕೋಟು ಇಸ್ತ್ರಿಯಾಗಿ ಬಂದು ಮೊಳೆಗೆ ನೇತುಹಾಕಿದೆ, ದಿನಾ ಅದನ್ನು ನೋಡಿಕೊಂಡು ಕೂತಿರುತ್ತಾನೆ. ಎಲೆಕ್ಷನ್ ಇದೆ, ಅದಕ್ಕೆ ಮುಂದಕ್ಕೆ ಹೋಗಿದೆ ಎಂದೆ. "ಆಮಾ, ಎಲೆಕ್ಷನ್ ಮುಗಿಯಲಿ" ಅಂದ. ಆಮೇಲೆ, "ಸ್ಟೇಜಿಗೆ ಕರೀತಾರೆ ಅಂತ ವಳ್ಳಿಗೆ ಹೇಳಿದೆಯಾ?" ಎಂದು ಕೇಳಿದ. ಇಷ್ಟು ವರ್ಷಗಳಲ್ಲಿ ಅವನ ಬಾಯಲ್ಲಿ ಆ ಹೆಸರು ಕೇಳಿದ್ದು ಆವತ್ತೇ. ಯಾಕೆ ಕೇಳಿದ ಎಂದು ನಾನು ವಿಚಾರಿಸಲಿಲ್ಲ. ಅವನು ಟೀ ಆರಿಹೋಗಿದೆ ಎಂದು ನನ್ನನ್ನೇ ಬೈದ.

ಕೋಟಗಿರಿಯ ಡಾಕ್ಟರು ಮಳೆಗಾಲ ಕಾಣುವುದು ಕಷ್ಟ ಎಂದಿದ್ದಾರೆ. ಊರಿನವರು ಈಗಲೇ ನನ್ನ ಹತ್ತಿರ ಬಂದರು. ನಮ್ಮಲ್ಲಿ ಸಾವಾದರೆ ಕರು ಹರಚುವುದು ಎಂಬ ಶಾಸ್ತ್ರ ಇದೆ. ಹೆಣದ ಎದುರು ಊರ ಹಿರಿಯನೊಬ್ಬ ನಿಂತು ಸತ್ತವನ ತಪ್ಪುಗಳನ್ನು ಒಂದೊಂದಾಗಿ ಹೇಳುತ್ತಾನೆ. ಬೇಲಿ ಸರಿಸಿದ, ಹಾವು ಕೊಂದ, ಹೀಗೆ. ಒಂದೊಂದಕ್ಕೂ ನೆರೆದವರೆಲ್ಲ ‘ಅದು ಪಾಪ’ ಎನ್ನಬೇಕು. ಕೊನೆಗೆ ಎಲ್ಲ ಪಾಪವೂ ಕಳೆಯಲಿ ಎಂದು ಎಲ್ಲರೂ ಸೇರಿ ಹೇಳಬೇಕು. ಹಿಂದೆ ಆ ಪಾಪವನ್ನು ಒಂದು ಕರುವಿನ ಮೇಲೆ ಹೊರಿಸಿ ಬಿಡುತ್ತಿದ್ದರು. ಈಗ ನಮ್ಮ ಹಟ್ಟಿಯಲ್ಲಿ ಕರು ತರುವುದಿಲ್ಲ, ಮಾತು ಮಾತ್ರ ಉಳಿದಿದೆ. ಆ ಮಾತು ಪೂರ್ತಿ ಬರುವುದು ಈಗ ನನಗೊಬ್ಬನಿಗೆ.

ನೋಡಿ, ನಾಲ್ಕು ಒಳ್ಳೆಯ ಮಾತು ಬೇಡ ಎಂದು ತಪ್ಪಿಸಿಕೊಂಡೆ. ಈಗ ಇದು ಬಂತು.

ಭೀಮ


ಗೂಡಲೂರು
6 ಮೇ 2024

ಭೀಮಣ್ಣ,

ನಿಮ್ಮನ್ನು ಕೇಳದೆ ಒಂದು ಕೆಲಸ ಮಾಡಿದೆ. ಎಮರಾಲ್ಡಿಗೆ ಹೋಗಿ ವಳ್ಳಿ ಅಮ್ಮನವರನ್ನು ನೋಡಿ ಬಂದೆ. ಅಭಿಮಾನಿಗಳ ಪರವಾಗಿ ಕ್ಷಮೆ ಕೇಳಬೇಕು ಅನಿಸಿತು. ಮನೆ ಮುಂದೆ ಕ್ಯಾರೆಟ್ ಮೂಟೆಗೆ ತುಂಬುತ್ತಿದ್ದರು. ಎಡಗೈ ಶಾಲಿನೊಳಗೇ ಇತ್ತು. ನಾನು ಯಾರು, ಯಾಕೆ ಬಂದೆ ಎಂದು ಹೇಳಿದಾಗ ನಕ್ಕರು. "ನೀ ಏನಪ್ಪಾ ಮಾಡಿದೆ, ನೀ ಆವಾಗ ಇನ್ನೂ ಹುಡುಗ" ಅಂದರು. ಮಗಳು ಜನನಿ ಬಾಗಿಲಲ್ಲೇ ನಿಂತಿದ್ದರು.

ನಾನು ಸಿಟ್ಟಿನಲ್ಲಿ, ಇನ್ನು ಮೇಲೆ ಅವರ ಪಾಟ್ಟು ಕೇಳೋದಿಲ್ಲ ಅಮ್ಮಾ ಎಂದೆ. ಅದಕ್ಕೆ ಅವರು, "ಯಾಕೆ? ಅವರು ಚೆನ್ನಾಗೇ ನುಡಿಸ್ತಿದ್ದರು. ನಾನೇ ಕೇಳಿದ್ದೀನಿ" ಎಂದರು. ನನಗೆ ಕೋಪವೇ ಬಂತು ಅಣ್ಣಾ. ಯಾರ ಮೇಲೆ ಎಂದು ಗೊತ್ತಿಲ್ಲ.

ಹೊರಡುವಾಗ ಕೇಳಿದರು, "ಮುಂದೆ ಏನಾದರೂ ಆದರೆ ಬಾವನೇ ತಾನೇ ಕರು ಹರಚೋದು? ಬಾವ ಎಲ್ಲವನ್ನೂ ಹೇಳ್ತಾರಲ್ಲ?"

ನನಗೆ ಅರ್ಥವಾಯಿತು. ಅವರ ಬಾಯಿಂದ ಕೇಳಲು ಆಗುವುದಿಲ್ಲ, ನೀವು ಹೇಳಬೇಕು ಎಂದು ಆಸೆ. ಪೆಟ್ಟಿಗೆ, ಮುಚ್ಚಳ, ಮೂರು ಬೆರಳು, ಹೆಸರು ಹಿಡಿದು, ಊರೆದುರು. ಬೇಲಿ, ಹಾವು ಎಂದು ಹೇಳಿ ಮುಗಿಸಿದರೆ ಅದು ಸನ್ಮಾನಕ್ಕಿಂತ ಕೀಳು ಅಣ್ಣಾ. ನಾವಾದರೂ ಗೊತ್ತಿಲ್ಲದೆ ಮಾಡಹೊರಟಿದ್ದೆವು.

ಜಯಕುಮಾರ್


ಕೂಕಲ್ತೊರೈ
14 ಮೇ 2024

ಜಯಕುಮಾರ್,

ನೀವು ಹೋಗಬಾರದಿತ್ತು. ಹೋದಿರಿ, ಆಯಿತು.

ಕರು ಹರಚುವಾಗ ಹೆಸರು ಹೇಳುವ ವಾಡಿಕೆ ಇಲ್ಲ. ಯಾರು ಸತ್ತರೂ ಅದೇ ತಪ್ಪುಗಳು, ಅದೇ ವರಸೆ. ನನ್ನ ಅಪ್ಪನಿಗೂ ಅದೇ ಹೇಳಿದ್ದು, ಹಾವು ಕಂಡರೆ ಮೈಲಿ ಓಡುತ್ತಿದ್ದ ಮನುಷ್ಯನಿಗೆ. ಸತ್ತವನೊಬ್ಬನ ಪಾಪ ಅಲ್ಲ ಅದು, ಅವನ ಹಿಂದಿನವರದ್ದೂ ಸೇರಿ. ಅದರಲ್ಲಿ ಒಲೆ ಹಚ್ಚಿದವಳನ್ನು, ಅಂದರೆ ಕಟ್ಟಿಕೊಂಡವಳನ್ನು, ಅಳಿಸಿದ ಎಂದೂ ಒಂದು ಬರುತ್ತದೆ. ಅದಕ್ಕೂ ಬೇಲಿಗೆ ಹೇಳಿದ ಹಾಗೇ, ಕೆಮ್ಮುತ್ತ, ಅತ್ತಿತ್ತ ನೋಡುತ್ತ, ಅದು ಪಾಪ ಎನ್ನುತ್ತಾರೆ. ನಾನು ಹೊಸದಾಗಿ ಒಂದು ಸೇರಿಸಿದರೆ ನಾಳೆ ಇನ್ನೊಬ್ಬ ತನ್ನ ಜಗಳ ಸೇರಿಸುತ್ತಾನೆ.

ವಳ್ಳಿಯ ಮಾತನ್ನು ನೀವು ತಿರುವುಮುರುವು ಮಾಡಿಕೊಂಡಿದ್ದೀರಿ. ನಾನು ಅವಳನ್ನು ನಲವತ್ತೈದು ವರ್ಷದಿಂದ ಬಲ್ಲೆ. ಶಾಲಿನಿಂದ ಕೈ ಹೊರಗೆ ತೆಗೆಯದವಳು. ಊರೆಲ್ಲ ತನ್ನ ಕಡೆ ತಿರುಗಿ ನೋಡುತ್ತದೆಯೋ ಎಂಬ ಭಯದಿಂದ ಕೇಳಿದ್ದಾಳೆ. ಎಲ್ಲವನ್ನೂ ಹೇಳಿಬಿಡುತ್ತಾರಾ ಎಂದು. ನಾನು ಅದನ್ನು ನೋಡಿಕೊಳ್ಳುತ್ತೇನೆ.

ಅವನನ್ನು ಆಸ್ಪತ್ರೆಯಿಂದ ಮನೆಗೆ ತಂದಿದ್ದೇವೆ. ಈಗ ಮಾತಿಲ್ಲ.

ಭೀಮ


ಕೂಕಲ್ತೊರೈ
9 ಜೂನ್ 2024

ಪ್ರೀತಿಯ ಜಯಕುಮಾರ್,

ನೀವು ಸಾವಿಗೆ ಬಂದು, ಹಿಂದೆ ನಿಂತು, ಮಾತಾಡಿಸದೆ ಹೋದಿರಿ ಎಂದು ಆಮೇಲೆ ಯಾರೋ ಹೇಳಿದರು. ಬಸ್ಸಿನ ಹೊತ್ತಾಗಿತ್ತೋ, ನನ್ನ ಮೇಲೆ ಬೇಜಾರೋ. ಅಷ್ಟು ದೂರ ನಿಂತವರಿಗೆ ಆ ಮಳೆಯಲ್ಲಿ ಮುಂದೆ ಏನಾಯಿತೆಂದು ಕೇಳಿಸಿರಲಾರದು. ಅದಕ್ಕೆ ಬರೆಯುತ್ತಿದ್ದೇನೆ. ನಿಮ್ಮ ಪುಸ್ತಕ ಏನಾಗುತ್ತದೋ ನನಗೆ ಗೊತ್ತಿಲ್ಲ. ನನ್ನ ಮೊದಲ ಕಾಗದವನ್ನು ಹಾಕುವುದಾದರೆ ಇದನ್ನೂ ಹಾಕಿ. ಎರಡೂ ಬೇಡ ಎಂದರೂ ಸರಿ.

ಬೆಳಿಗ್ಗೆಯೇ ವಳ್ಳಿ ಬಂದಳು, ಜನನಿ ಜೊತೆಗೆ. ಬರುತ್ತಾಳೆ ಎಂದು ನಾನು ಎಣಿಸಿರಲಿಲ್ಲ. ಬಿಳಿ ಮುಂಡು ಉಟ್ಟು, ತಲೆಗೆ ಬಿಳಿ ವಸ್ತ್ರದ ಪಟ್ಟು ಕಟ್ಟಿ ಹೆಂಗಸರ ನಡುವೆ ಮಂಚದ ಹತ್ತಿರ ಕೂತಳು. ಅಳಲಿಲ್ಲ. ಅವನಿಗೆ ಆ ಕೋಟನ್ನೇ ತೊಡಿಸಿದ್ದರು. ಅವಳು ಅದರ ಕಾಲರು ಮಡಿಸಿಕೊಂಡಿದ್ದನ್ನು ಬಲಗೈಯಿಂದ ಸರಿಮಾಡಿದಳು.

ಮಧ್ಯಾಹ್ನ ಮಂಚವನ್ನು ಊರ ಹೊರಗಿನ ಬಯಲಿಗೆ ತಂದೆವು. ನಾನು ತಲೆಯ ಕಡೆ ನಿಂತು ಶುರು ಮಾಡಿದೆ. ಜನ ಚೆನ್ನಾಗೇ ಹೇಳುತ್ತಿದ್ದರು. ಬೇಲಿ ಸರಿಸಿದ. ಅದು ಪಾಪ. ಹರಿಯುವ ಹಾವ ಕೊಂದ. ಅದು ಪಾಪ. ನೆರೆಯವನ ಎಮ್ಮೆಯ ಕರೆದುಕೊಂಡ. ಅದು ಪಾಪ. ಮುಂದಿನದು ಒಲೆಯದು. ಬಾಯಿಗೆ ಬಂತು. ವಳ್ಳಿ ಎದುರಿಗೇ ನಿಂತಿದ್ದಳು, ಎಡಗೈ ಮುಂಡಿನ ಮಡಿಕೆಯೊಳಗೆ. ಇದನ್ನು ಹೇಳಿದೊಡನೆ ಊರಿನ ಕಣ್ಣೆಲ್ಲ ಆ ಕೈಗೆ ಹೋಗುತ್ತದೆ ಎಂದುಕೊಂಡೆ. ಅವಳಿಗೆ ಒಳ್ಳೆಯದು ಮಾಡುತ್ತಿದ್ದೇನೆ ಎಂದೇ ಅದನ್ನು ದಾಟಿ, ನೀರಿನ ಕಾಲುವೆ ತಿರುಗಿಸಿದ ಎಂಬುದಕ್ಕೆ ಹೋದೆ.

ಅರ್ಧ ಜನ ಹೇಳಿದರು, ಅರ್ಧ ಜನ ಹೇಳಲಿಲ್ಲ. ವರಸೆ ಎಲ್ಲರಿಗೂ ಕಿವಿಯಲ್ಲಿದೆಯಲ್ಲ.

"ಬಾವ, ಒಂದ ಬುಟ್ಟೆ" ಎಂದಳು ವಳ್ಳಿ.

ಕೇಳಿಸಲಿಲ್ಲ ಎಂಬಂತೆ ಮುಂದಿನದಕ್ಕೆ ಬಾಯಿ ತೆಗೆದೆ. ಕಿವುಡನಿಗೆ ಅದೊಂದು ಅನುಕೂಲ. ಅವಳು ಹೆಂಗಸರನ್ನು ಬಿಡಿಸಿಕೊಂಡು ಬಂದು ಮಂಚದ ಕಾಲ ಬದಿಯಲ್ಲಿ ನಿಂತಳು. ನನ್ನ ಬಲಗಿವಿ ಯಾವ ಕಡೆ ಎಂದು ಅವಳಿಗೆ ಗೊತ್ತು.

"ಒಂದ ಬುಟ್ಟೆ ಬಾವ. ಒಲೆಯದು. ಎಲ್ಲಾರಿಗೂ ಹೇಳಿದ್ದ ಇವರಿಗೂ ಹೇಳು."

ಆಗ ನನಗೆ ತಿಳಿಯಿತು. ಎಮರಾಲ್ಡಿನಲ್ಲಿ ಅವಳು ನಿಮ್ಮನ್ನು ಕೇಳಿದ್ದು ಇಷ್ಟೇ. ನೀವು ಹೊಸದೊಂದನ್ನು ಸೇರಿಸು ಎಂದು ತಿಳಿದಿರಿ. ನಾನು ಮುಚ್ಚಿಡು ಎಂದು ತಿಳಿದೆ. ಎಲ್ಲರಿಗೂ ಹೇಳುವುದನ್ನು ಇವನಿಗೆ ಮಾತ್ರ ಬಿಟ್ಟುಬಿಡಬೇಡ ಎಂದು ಕೇಳಿದ್ದಳು.

ಹೇಳಿದೆ. ಒಲೆ ಹಚ್ಚಿದವಳ ಅಳಿಸಿದ.

ಯಾರೂ ಉತ್ತರ ಕೊಡಲಿಲ್ಲ. ನನ್ನ ಆಯುಷ್ಯದಲ್ಲಿ ಹಾಗಾದದ್ದು ಇಲ್ಲ. ಕೆಮ್ಮುವವರೂ ಕೆಮ್ಮಲಿಲ್ಲ. ಕೊಡೆಗಳ ಮೇಲೆ ಮಳೆ ಬೀಳುತ್ತಿತ್ತು. ಹಿರಿಯರು ತಲೆ ತಗ್ಗಿಸಿ ನಿಂತಿದ್ದರು. ಅವತ್ತು ಹೊಂದಿಕೊಂಡು ಹೋಗು ಎಂದವರಲ್ಲಿ ಇಬ್ಬರು ಇನ್ನೂ ಇದ್ದಾರೆ.

"ಅದು ಪಾಪ" ಎಂದಳು ವಳ್ಳಿ. ಜೋರಾಗಿ ಅಲ್ಲ. ಅಂಗಡಿಯಲ್ಲಿ ಸಾಮಾನಿನ ಹೆಸರು ಹೇಳುವ ಹಾಗೆ.

ಆಮೇಲೆ ಜನನಿ ಹೇಳಿದಳು. ಆಮೇಲೆ ಆ ಇಬ್ಬರು ಹಿರಿಯರಲ್ಲಿ ಒಬ್ಬರು ಹೇಳಿದರು. ಆಮೇಲೆ ಬಯಲೆಲ್ಲ ಹೇಳಿತು. ಆ ಒಂದು ನಿಮಗೂ ಕೇಳಿಸಿರಬೇಕು.

ಉಳಿದವನ್ನು ಮುಗಿಸಿದೆ. ಕೊನೆಗೆ, ಎಲ್ಲವೂ ಕಳೆಯಲಿ ಎಂದು ಎಲ್ಲರೂ ಸೇರಿ ಹೇಳಬೇಕಾದಲ್ಲಿ ಅವಳ ಮುಖ ನೋಡಿದೆ. ತುಟಿ ಕೂಡಿಸಿ ನಿಂತಿದ್ದಳು. ನಾನು ಕಾದೆ. ಮೊದಲು ಪಾಪ ಎಂದ ಆ ಹಿರಿಯ, "ಹೇಳವ್ವಾ, ಮಳೆ ಜೋರಾಗುತ್ತೆ, ಗುಂಡಿಗೆ ನೀರು ತುಂಬುತ್ತೆ" ಎಂದ.

"ಎನ್ನದು ಆಯಿತು" ಎಂದಳು. "ಮಿಕ್ಕದ್ದ ನಿಂಗ ಹೇಳಿ."

ಹೇಳಿ ಪಕ್ಕಕ್ಕೆ ಸರಿದು ನಮಗೆ ದಾರಿ ಬಿಟ್ಟಳು. ನಾವು ಹೇಳಿದೆವು. ನಾನೂ ಹೇಳಿದೆ. ಅವಳ ದನಿ ಅದರಲ್ಲಿ ಇರಲಿಲ್ಲ. ಅಷ್ಟಕ್ಕೆ ಅವನ ಪಾಪ ಕಳೆಯಿತೋ ಇಲ್ಲವೋ, ಈ ಮಾತನ್ನು ನನಗೆ ಕಲಿಸಿದವರು ಅದನ್ನು ಹೇಳಿಕೊಟ್ಟಿಲ್ಲ. ಮಂಚ ಎತ್ತಿಕೊಂಡು ಇಳಿದೆವು.

ಭೀಮ